ಗೇಮ್ ಬಿಡುಗಡೆಯ ಗಳಿಕೆಯನ್ನು ಸಿನಿಮಾದ ಗಳಿಕೆಯೊಡನೆ ಹೋಲಿಸುವ ಕ್ರಮ

ಬಾಗಲಕೋಟೆಯಲ್ಲಿ ವಾಣಿಜ್ಯ ಪದವಿಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನನ್ನ ಮೇಜಿನ ಮೇಲೆ, ‘ವಿಡಿಯೋ ಗೇಮ್‌ಗಳು ಸಿನಿಮಾವನ್ನು ಹಿಂದಿಕ್ಕಿವೆ’ ಎಂಬ ವಾಕ್ಯವುಳ್ಳ ಪ್ರಾಜೆಕ್ಟ್ ವರದಿ ಪ್ರತಿ ವರ್ಷ ಒಂದಾದರೂ ಬಂದು ಕೂಡುತ್ತದೆ. ಅದಕ್ಕೆ ಕೊಡುವ ಆಧಾರವೂ ಹೆಚ್ಚಾಗಿ ಒಂದೇ. 2013ರ ಸೆಪ್ಟೆಂಬರ್ 17ರಂದು ಬಿಡುಗಡೆಯಾದ ‘ಗ್ರ್ಯಾಂಡ್ ಥೆಫ್ಟ್ ಆಟೋ 5’ ಮೊದಲ 24 ಗಂಟೆಗಳಲ್ಲಿ 80 ಕೋಟಿ ಡಾಲರ್‌ಗೂ ಹೆಚ್ಚು, ಮೂರು ದಿನಗಳಲ್ಲಿ 100 ಕೋಟಿ ಡಾಲರ್ ವಹಿವಾಟು ಮಾಡಿತು. ಈ ಅಂಕಿಗಳು ಸುಳ್ಳಲ್ಲ. ಆದರೆ ಅವುಗಳನ್ನು ಯಾವ ಅಂಕಿಯ ಪಕ್ಕದಲ್ಲಿ ಇಡಬೇಕು ಎಂಬುದನ್ನು ವಿಚಾರಿಸದೆ ತೀರ್ಪು ಬರೆದುಬಿಡುವುದೇ ತಪ್ಪು.

ಮೊದಲು ನೋಡಬೇಕಾದದ್ದು, ಹೇಳಿರುವ ಮೊತ್ತವನ್ನು ಯಾವ ಗಲ್ಲೆಯಲ್ಲಿ ಎಣಿಸಲಾಗಿದೆ ಎಂಬುದನ್ನು. ಮುಧೋಳ, ಮಹಾಲಿಂಗಪುರದ ಕಡೆಯಿಂದ ಬರುವ ಮಕ್ಕಳಿಗೆ ಇದನ್ನು ನಾನು ಬೆಲ್ಲದ ಪಟ್ಟಿಯಿಂದ ವಿವರಿಸುತ್ತೇನೆ. ಪೇಟೆಯಲ್ಲಿ ಕೂಗಿದ ದರವನ್ನು ತೂಕದಿಂದ ಗುಣಿಸಿದಾಗ ಬರುವ ಮೊತ್ತ ಬೇರೆ. ಹಮಾಲಿ, ತೂಕದ ಖರ್ಚು, ಗಾಡಿಯ ಬಾಡಿಗೆ ಕಳೆದು ಅಪ್ಪ ಮನೆಗೆ ತರುವ ಹಣ ಬೇರೆ. ಸಿನಿಮಾದವರು ಇದಕ್ಕೆ ಗ್ರಾಸ್, ನೆಟ್, ಶೇರ್ ಎಂಬ ಮೂರು ಹೆಸರು ಇಟ್ಟುಕೊಂಡಿದ್ದಾರೆ. ತೆರಿಗೆ ಸೇರಿ ಟಿಕೆಟ್‌ಗೆ ಕೊಡುವ 200 ರೂಪಾಯಿ ಗ್ರಾಸ್. ಅದರಲ್ಲಿ ಶೇ 18ರ ಜಿಎಸ್‌ಟಿ ತೆಗೆದರೆ ಸುಮಾರು 169 ರೂಪಾಯಿ ಉಳಿಯುತ್ತದೆ, ಅದು ನೆಟ್. ಅದರಲ್ಲಿ ಚಿತ್ರಮಂದಿರದ ಪಾಲು ಹೋದ ಮೇಲೆ ವಿತರಕನಿಗೆ ಸಿಗುವುದು ಶೇರ್. 2022ರ ಏಪ್ರಿಲ್ 14ರಂದು ತೆರೆಕಂಡ ‘ಕೆಜಿಎಫ್ ಚಾಪ್ಟರ್ 2’ ಮೊದಲ ದಿನ ಭಾರತದಲ್ಲಿ 134.5 ಕೋಟಿ ರೂಪಾಯಿ ಗಳಿಸಿತೆಂದು ನಿರ್ಮಾಪಕರು ಪ್ರಕಟಿಸಿದ್ದು ಗ್ರಾಸ್ ಲೆಕ್ಕ.

ಗೇಮ್‌ನ 80 ಕೋಟಿ ಡಾಲರ್ ಕೂಡ ಗಿರಾಕಿ ಕೊಟ್ಟ ಚಿಲ್ಲರೆ ಬೆಲೆಯ ಅಂದಾಜೇ ಹೊರತು ಪ್ರಕಾಶಕ ಸಂಸ್ಥೆಯ ಖಾತೆಗೆ ಬಿದ್ದ ಹಣವಲ್ಲ. ಡಿಸ್ಕ್ ಮಾರಿದ ಅಂಗಡಿಗೂ ಸಾಗಾಣಿಕೆಗೂ ಅದರಲ್ಲಿ ಪಾಲಿದೆ. ಡಿಜಿಟಲ್ ಆಗಿ ಕೊಂಡರೆ ಸ್ಟೀಮ್‌ನಂಥ ಮಳಿಗೆ ಸಾಮಾನ್ಯವಾಗಿ ಶೇ 30ನ್ನು ಇಟ್ಟುಕೊಳ್ಳುತ್ತದೆ. ಹೀಗಾಗಿ ಗೇಮ್‌ನ ಚಿಲ್ಲರೆ ಮೌಲ್ಯವನ್ನು ಸಿನಿಮಾದ ಗ್ರಾಸ್‌ನೊಡನೆ ಹೋಲಿಸಬಹುದು, ಏಕೆಂದರೆ ಎರಡೂ ಗಿರಾಕಿಯ ಕಿಸೆಯಿಂದ ಹೊರಟ ಹಣ. ಆದರೆ ಅದನ್ನು ಸಿನಿಮಾದ ಶೇರ್ ಪಕ್ಕದಲ್ಲಿಟ್ಟು ಗೇಮ್ ಗೆದ್ದಿತು ಎಂದರೆ, ಒಬ್ಬ ರೈತನ ಲಿಲಾವಿನ ಮೊತ್ತವನ್ನು ಇನ್ನೊಬ್ಬನ ಕೈಗೆ ಬಂದ ಹಣದೊಡನೆ ಹೋಲಿಸಿದಂತಾಗುತ್ತದೆ.

ಎರಡನೆಯದಾಗಿ ದಿನಗಳನ್ನು ಎಣಿಸಿ. 2019ರಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ ಮೊದಲ ವಾರಾಂತ್ಯದಲ್ಲಿ ಜಗತ್ತಿನಾದ್ಯಂತ ಸುಮಾರು 120 ಕೋಟಿ ಡಾಲರ್ ಗಳಿಸಿತು. ವಾರಾಂತ್ಯ ಎಂದ ಮಾತ್ರಕ್ಕೆ ಮೂರೇ ದಿನ ಎಂದುಕೊಳ್ಳಬಾರದು. ಚಿತ್ರ ಅಮೆರಿಕದಲ್ಲಿ ಏಪ್ರಿಲ್ 26ರಂದು ಬಂದರೂ ಚೀನಾದಲ್ಲಿ 24ರಂದೇ ಬಂದಿತ್ತು. ಆದ್ದರಿಂದ ಆ ಮೊತ್ತ ಕೆಲವು ದೇಶಗಳ ಮಟ್ಟಿಗೆ ಐದು ದಿನಗಳದ್ದು. ಇತ್ತ ಗೇಮ್‌ನ ‘ಮೊದಲ ದಿನ’ವೂ ಅಷ್ಟು ಸರಳವಲ್ಲ, ತಿಂಗಳುಗಟ್ಟಲೆ ಮುಂಗಡವಾಗಿ ಕಾಯ್ದಿರಿಸಿದ ಪ್ರತಿಗಳೂ ಆ ಒಂದೇ ದಿನದ ಲೆಕ್ಕಕ್ಕೆ ಬಂದು ಸೇರುತ್ತವೆ. ಸಮ ಅವಧಿಯ ಹೋಲಿಕೆ ಬೇಕೆಂದರೆ, 2022ರ ಅಕ್ಟೋಬರ್ 28ರ ಶುಕ್ರವಾರ ಬಿಡುಗಡೆಯಾಗಿ ಮೂರು ದಿನಗಳಲ್ಲಿ 80 ಕೋಟಿ ಡಾಲರ್ ವಹಿವಾಟು ಮಾಡಿದ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ ಹೆಚ್ಚು ಯೋಗ್ಯವಾದ ಉದಾಹರಣೆ, ಏಕೆಂದರೆ ಅದು ಸಿನಿಮಾದಂತೆಯೇ ಶುಕ್ರವಾರದಿಂದ ಭಾನುವಾರದವರೆಗಿನ ಲೆಕ್ಕ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ: ಹಣವನ್ನು ಜನರಾಗಿ ಮಾರ್ಪಡಿಸುವುದು. ‘ಗ್ರ್ಯಾಂಡ್ ಥೆಫ್ಟ್ ಆಟೋ 5’ರ ಸಾಮಾನ್ಯ ಪ್ರತಿಯ ಬೆಲೆ ಅಮೆರಿಕದಲ್ಲಿ 60 ಡಾಲರ್ ಇತ್ತು. ಮೂರು ದಿನಗಳ 100 ಕೋಟಿಯನ್ನು 60ರಿಂದ ಭಾಗಿಸಿದರೆ ಸುಮಾರು 1.67 ಕೋಟಿ ಪ್ರತಿ ಸಿಗುತ್ತದೆ. ಹೆಚ್ಚು ಬೆಲೆಯ ವಿಶೇಷ ಆವೃತ್ತಿಗಳೂ ಇದ್ದುದರಿಂದ ನಿಜವಾದ ಸಂಖ್ಯೆ ಇದರಿಂದ ಆಚೀಚೆ ಇರಬಹುದು. ‘ಎಂಡ್‌ಗೇಮ್’ ಉತ್ತರ ಅಮೆರಿಕವೊಂದರಲ್ಲೇ ಮೊದಲ ವಾರಾಂತ್ಯ 35.7 ಕೋಟಿ ಡಾಲರ್ ಗಳಿಸಿತು. ಆ ವರ್ಷ ಅಲ್ಲಿನ ಸರಾಸರಿ ಟಿಕೆಟ್ ದರ 9.16 ಡಾಲರ್. ಭಾಗಿಸಿದರೆ ಸುಮಾರು 3.9 ಕೋಟಿ ಟಿಕೆಟ್; ಐಮ್ಯಾಕ್ಸ್‌ನಂಥ ದುಬಾರಿ ಆಸನಗಳನ್ನು ಗಮನಕ್ಕೆ ತಂದುಕೊಂಡು ಸ್ವಲ್ಪ ಇಳಿಸಿದರೂ, ಗೇಮ್‌ಗೆ ಇಡೀ ಜಗತ್ತಿನಲ್ಲಿ ಸಿಕ್ಕ ಗಿರಾಕಿಗಳಿಗಿಂತ ಸಿನಿಮಾಕ್ಕೆ ಒಂದು ಭೂಭಾಗದಲ್ಲೇ ಸಿಕ್ಕ ಪ್ರೇಕ್ಷಕರು ಬಹಳ ಹೆಚ್ಚು. ಗೇಮ್‌ನ ದೊಡ್ಡ ಮೊತ್ತದ ಹಿಂದೆ ದೊಡ್ಡ ಬೆಲೆ ಇದೆ. ನಮ್ಮಲ್ಲಿಯೇ ಹೊಸ ಕನ್ಸೋಲ್ ಗೇಮ್ ಒಂದಕ್ಕೆ ಸುಮಾರು 5,000 ರೂಪಾಯಿ ಆದರೆ, ಅದು 200 ರೂಪಾಯಿಯ 25 ಟಿಕೆಟ್‌ಗಳಿಗೆ ಸಮ.

ಹಾಗೆಂದು ಪ್ರತಿಗೊಬ್ಬ ಆಟಗಾರ ಎಂದು ಬರೆಯುವುದೂ ಸರಿಯಲ್ಲ. ನವನಗರದ ಒಂದು ಮನೆಗೆ ಬಂದ ಒಂದು ಡಿಸ್ಕ್‌ನಲ್ಲಿ ಅಣ್ಣ, ತಮ್ಮ, ಪಕ್ಕದ ಮನೆಯ ಹುಡುಗರೆಲ್ಲ ಆಡುತ್ತಾರೆ. ಟಿಕೆಟ್‌ನಲ್ಲಿ ಒಬ್ಬನೇ ಒಳಗೆ ಹೋಗುತ್ತಾನೆ. ಆದ್ದರಿಂದ ‘ಇಷ್ಟು ಪ್ರತಿ’, ‘ಇಷ್ಟು ಟಿಕೆಟ್’ ಎಂದೇ ಬರೆಯಿರಿ, ‘ಇಷ್ಟು ಜನ’ ಎಂದು ಬರೆಯಬೇಡಿ.

ರೂಪಾಯಿಗೆ ಪರಿವರ್ತಿಸುವಾಗ ಎರಡು ಎಚ್ಚರ ಬೇಕು. ಹತ್ತು ಲಕ್ಷ ಒಂದು ಮಿಲಿಯನ್, ನೂರು ಕೋಟಿ ಒಂದು ಬಿಲಿಯನ್. ಕಳೆದ ವರ್ಷ ಒಬ್ಬ ವಿದ್ಯಾರ್ಥಿ 800 ಮಿಲಿಯನ್ ಡಾಲರನ್ನು 800 ಕೋಟಿ ಡಾಲರ್ ಎಂದು ಬರೆದು, ಆ ಹತ್ತು ಪಟ್ಟು ತಪ್ಪಿನ ಮೇಲೆ ನಾಲ್ಕು ಪುಟಗಳ ವಿಶ್ಲೇಷಣೆ ಕಟ್ಟಿದ್ದ. ಇನ್ನೊಂದು, ಆಯಾ ವರ್ಷದ ವಿನಿಮಯ ದರವನ್ನೇ ಬಳಸಬೇಕು. 2013ರ ಸೆಪ್ಟೆಂಬರ್ ಮಧ್ಯದಲ್ಲಿ ಡಾಲರ್ ಸುಮಾರು 63 ರೂಪಾಯಿ ಇತ್ತು. ಆ ಲೆಕ್ಕಕ್ಕೆ 80 ಕೋಟಿ ಡಾಲರ್ ಎಂದರೆ ಸುಮಾರು 5,000 ಕೋಟಿ ರೂಪಾಯಿ. ಇಂದಿನ ದರ ಹಾಕಿದರೆ ಗೇಮ್ ಮಾರಾಟವಾಗದೆಯೇ ಮೊತ್ತ ಬೆಳೆಯುತ್ತದೆ.

ಪ್ರತಿಗಳ ಸಂಖ್ಯೆ ಸಿಕ್ಕಾಗ, ಅವು ಅಂಗಡಿಗೆ ರವಾನೆಯಾದವೋ ಗಿರಾಕಿ ಕೊಂಡವೋ ಎಂಬುದನ್ನು ಓದಿಕೊಳ್ಳಿ. 2020ರ ಡಿಸೆಂಬರ್ 10ರಂದು ದೋಷಗಳೊಡನೆ ಬಿಡುಗಡೆಯಾದ ‘ಸೈಬರ್‌ಪಂಕ್ 2077’ರ ತಯಾರಕರು, ಹಣ ವಾಪಸು ಕೇಳಿದವರನ್ನು ಕಳೆದು, ಡಿಸೆಂಬರ್ 20ರವರೆಗೆ 1.3 ಕೋಟಿ ಪ್ರತಿ ಮಾರಾಟವಾದವು ಎಂದು ತಿಳಿಸಿದರು. ಏನನ್ನು ಸೇರಿಸಿದ್ದೇವೆ, ಏನನ್ನು ಕಳೆದಿದ್ದೇವೆ ಎಂದು ಹೇಳುವ ಇಂಥ ಅಂಕಿಯೇ ಬಳಕೆಗೆ ಯೋಗ್ಯ.

ಪುಸ್ತಕವನ್ನು ಹೋಲಿಕೆಗೆ ತಂದರೆ ಪ್ರತಿಗಳಲ್ಲೇ ನಿಲ್ಲಿ. ಹ್ಯಾರಿ ಪಾಟರ್ ಸರಣಿಯ ಕೊನೆಯ ಪುಸ್ತಕ 2007ರ ಜುಲೈ 21ರಂದು ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ 24 ಗಂಟೆಯೊಳಗೆ ಸುಮಾರು 1.1 ಕೋಟಿ ಪ್ರತಿ ಮಾರಾಟವಾಯಿತು. ಆದರೆ ಅಂಗಡಿಗಳು ಪೈಪೋಟಿಯಿಂದ ಮುದ್ರಿತ ಬೆಲೆಗಿಂತ ಬಹಳ ಕಡಿಮೆಗೆ ಮಾರಿದ್ದರಿಂದ, ಮುದ್ರಿತ ಬೆಲೆಯಿಂದ ಗುಣಿಸಿದ ಮೊತ್ತ ನಂಬಲಾಗದು. ಬಿಜಿಎಂಐನಂಥ ಉಚಿತ ಗೇಮ್‌ಗಳನ್ನು ಈ ಹೋಲಿಕೆಯಿಂದ ಪೂರ್ತಿ ಹೊರಗಿಡಿ, ಅವುಗಳ ಆದಾಯ ಬಿಡುಗಡೆಯ ನಂತರ ಆಟದೊಳಗಿನ ಖರೀದಿಗಳಿಂದ ಬರುವಂಥದ್ದು.

ಇಷ್ಟು ಮಾಡಿದ ವಿದ್ಯಾರ್ಥಿಯ ವರದಿಯಲ್ಲಿ ಆ ಹಳೆಯ ವಾಕ್ಯದ ಜಾಗದಲ್ಲಿ ಹೀಗೆ ಬರೆದಿರುತ್ತದೆ: ‘ಗಿರಾಕಿಗಳು ಕೊಟ್ಟ ಒಟ್ಟು ಹಣದ ಲೆಕ್ಕದಲ್ಲಿ, 2013ರ ಈ ಗೇಮ್ ಮೂರು ದಿನಗಳಲ್ಲಿ 100 ಕೋಟಿ ಡಾಲರ್ ಮುಟ್ಟಿತು, 2019ರ ಈ ಚಿತ್ರ ಮೂರರಿಂದ ಐದು ದಿನಗಳಲ್ಲಿ ಸುಮಾರು 120 ಕೋಟಿ ಡಾಲರ್ ಗಳಿಸಿತು, ಬೆಲೆಯ ವ್ಯತ್ಯಾಸದಿಂದಾಗಿ ಮಾರಾಟವಾದ ಟಿಕೆಟ್‌ಗಳು ಗೇಮ್‌ನ ಪ್ರತಿಗಳಿಗಿಂತ ಹಲವು ಪಟ್ಟು ಹೆಚ್ಚು.’