ಸಹಲೇಖಕರ ಜಾಲದಲ್ಲಿ ನಾನು ಅಂತರ ಅಳೆದ ಬಗೆ

ಹಂಗೇರಿಯ ಗಣಿತಜ್ಞ ಪಾಲ್ ಎರ್ಡೋಶ್ ಸುಮಾರು 1500 ಪ್ರಬಂಧಗಳನ್ನು ಬರೆದರು. ಅವರ ಸಹಲೇಖಕರೇ 500ಕ್ಕೂ ಹೆಚ್ಚು. ಅವರೊಡನೆ ಬರೆದವರ ‘ಎರ್ಡೋಶ್ ಸಂಖ್ಯೆ’ 1, ಆ ಸಹಲೇಖಕರೊಡನೆ ಬರೆದವರದು 2. ಐನ್‌ಸ್ಟೈನ್ ಅವರದೂ 2. ನಡುವಿನ ಕೊಂಡಿ, ಇಬ್ಬರೊಡನೆಯೂ ಬರೆದ ಗಣಿತಜ್ಞ ಅರ್ನ್ಸ್ಟ್ ಸ್ಟ್ರಾಸ್. ಗಣಿತದವರಿಗಾದರೆ ಗಣಿತ ಪ್ರಬಂಧಗಳ ದತ್ತಸಂಚಯವಾದ ಮ್ಯಾಥ್‌ಸೈನೆಟ್ ಈ ಅಂತರವನ್ನು ಕೂತಲ್ಲೇ ಹೇಳುತ್ತದೆ. ನನ್ನ ಕ್ಷೇತ್ರ ಕಂಪ್ಯೂಟರ್ ವಿಜ್ಞಾನ. ಪ್ರಬಂಧಗಳ ಪರಿಶೀಲಕರನ್ನು ಪಕ್ಷಪಾತವಾಗದಂತೆ ಆರಿಸಲು ಯಾರು ಯಾರಿಗೆ ಎಷ್ಟು ಹತ್ತಿರ ಎಂದು ತಿಳಿಯಬೇಕಿತ್ತು. ಹಾಗಾಗಿ ಈ ಕ್ಷೇತ್ರದ ಪ್ರಬಂಧಗಳನ್ನು ಪಟ್ಟಿ ಮಾಡುವ ಡಿಬಿಎಲ್‌ಪಿ ಗ್ರಂಥಸೂಚಿಯ ಎಕ್ಸ್‌ಎಂಎಲ್ ಕಡತ ಇಳಿಸಿಕೊಂಡು ಜಾಲವನ್ನು ನಾನೇ ಕಟ್ಟಿದೆ.

ಕಡತ ದೊಡ್ಡದು. ಒಂದೊಂದೇ ದಾಖಲೆ ಓದಿ ಕೈಬಿಡುತ್ತಾ ಸಾಗಬೇಕು. ವಿಶೇಷ ಅಕ್ಷರಗಳ ಸಂಕೇತಗಳನ್ನು ವಿವರಿಸುವ, ಜೊತೆಗಿರುವ ಡಿಟಿಡಿ ಕಡತವೂ ಬೇಕು. ಇಲ್ಲದಿದ್ದರೆ ತಲೆಯ ಮೇಲೆ ಚುಕ್ಕೆಯಿರುವ ಯುರೋಪಿನ ಅಕ್ಷರ ಎದುರಾದೊಡನೆ ಪ್ರೋಗ್ರಾಂ ಮುಗ್ಗರಿಸುತ್ತದೆ. ಸಂಪಾದಕರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಸಮ್ಮೇಳನದ ಸಂಪುಟವೊಂದರ ಮೇಲೆ ಇಬ್ಬರ ಹೆಸರಿದ್ದ ಮಾತ್ರಕ್ಕೆ ಅವರು ಕೂಡಿ ಸಂಶೋಧನೆ ಮಾಡಿದರು ಎನ್ನಲಾಗದು.

ಲೇಖಕರನ್ನು ನೇರವಾಗಿ ಜೋಡಿ ಜೋಡಿಯಾಗಿ ಬೆಸೆಯಲು ನಾನು ಹೋಗಲಿಲ್ಲ. ಭೌತವಿಜ್ಞಾನದಲ್ಲಿ 2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿಯ ಕುರಿತು ಬಂದ ಪ್ರಬಂಧಕ್ಕೆ 5154 ಲೇಖಕರು. ಅಂಥದ್ದೊಂದೇ ಪ್ರಬಂಧ 1.3 ಕೋಟಿಗೂ ಹೆಚ್ಚು ಜೋಡಿಗಳನ್ನು ಹುಟ್ಟಿಸುತ್ತದೆ. ಪ್ರಬಂಧವನ್ನೂ ಲೇಖಕರಂತೆ ಜಾಲದ ಒಂದು ಗಂಟು (ನೋಡ್) ಎಂದು ಇಟ್ಟುಕೊಂಡರೆ 5154 ಕೊಂಡಿಗಳಲ್ಲಿ ಮುಗಿಯುತ್ತದೆ. ಇಬ್ಬರು ಲೇಖಕರ ನಡುವಿನ ದಾರಿಯ ಹುಡುಕಾಟವನ್ನು ಎರಡೂ ತುದಿಗಳಿಂದ ಪದರ ಪದರವಾಗಿ ನಡೆಸಿದರೆ ಉತ್ತರ ಬೇಗ ಬರುತ್ತದೆ. ಇಷ್ಟು ಸುಲಭದ ಭಾಗ.

ನಿಜವಾದ ತಲೆನೋವು ಹೆಸರುಗಳದು. ಒಮ್ಮೆ ಯಂತ್ರ ತೋರಿಸಿದ ದಾರಿಯ ನಡುವೆ ಒಬ್ಬರಿದ್ದರು: ಎಡಗಡೆಯ ಪ್ರಬಂಧ ಚಿಪ್ ವಿನ್ಯಾಸದ್ದು, ಬಲಗಡೆಯದು ಮಾತಿನ ಧ್ವನಿ ಗುರುತಿಸುವ ಬಗ್ಗೆ. ಇಷ್ಟು ಬಹುಮುಖ ಪ್ರತಿಭೆಯೇ ಎಂದು ಬಿಡಿಸಿ ನೋಡಿದರೆ, ಒಂದೇ ಹೆಸರಿನ ಇಬ್ಬರು! ಬೇರ್ಪಡಿಸಿದ ಕೂಡಲೇ ದಾರಿ ಉದ್ದವಾಯಿತು. ಇಂಥ ಹೆಸರುಗಳಿಗೆ ಡಿಬಿಎಲ್‌ಪಿ 0001, 0002 ಎಂದು ಬಾಲ ಅಂಟಿಸುತ್ತದೆ. ಬಾಲವಿಲ್ಲದೆ ಉಳಿದ ಅದೇ ಹೆಸರಿನಡಿ ಹಲವರು ಕಲೆತಿರಬಹುದು. ಅವು ತುದಿಯಲ್ಲಿರಬಹುದು, ದಾರಿಯ ನಡುವೆ ಬರಕೂಡದು ಎಂದು ನಿಯಮ ಮಾಡಿದೆ. ಒಬ್ಬೊಬ್ಬ ಸಂಶೋಧಕರಿಗೂ ಪ್ರತ್ಯೇಕವಾಗಿ ಕೊಡುವ, 2012ರಲ್ಲಿ ಶುರುವಾದ ಆರ್ಕಿಡ್ (ORCID) ಗುರುತಿನ ಸಂಖ್ಯೆ ಹೊಸ ಪ್ರಬಂಧಗಳಿಗೆ ನೆರವಾಗುತ್ತದೆ, ಹಳೆಯವಕ್ಕೆ ಅಷ್ಟಕ್ಕಷ್ಟೆ.

ಒಬ್ಬರೇ ಎರಡು ಹೆಸರಾಗಿ ಒಡೆದಿರುವುದೂ ಉಂಟು, ಒಂದೆಡೆ ಇನಿಷಿಯಲ್, ಇನ್ನೊಂದೆಡೆ ಪೂರ್ಣ ಹೆಸರು. ಎರಡು ತಪ್ಪುಗಳು ಒಂದಕ್ಕೊಂದು ವಜಾ ಆಗುತ್ತವೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಒಡೆದ ಹೆಸರಿಗೆ ಬಳಸು ದಾರಿ ಬಹುಮಟ್ಟಿಗೆ ಸಿಗುತ್ತದೆ. ಬೆರೆತ ಹೆಸರು ಸಾವಿರಾರು ಜನರಿಗೆ ಇಲ್ಲದ ಕಿರುದಾರಿ ತೆರೆದುಬಿಡುತ್ತದೆ.

ಕೊಂಡಿಗಳಿಗೆ ತೂಕವನ್ನೂ ಕೊಟ್ಟೆ. ಭೌತವಿಜ್ಞಾನಿ ಮಾರ್ಕ್ ನ್ಯೂಮನ್ 2001ರಲ್ಲಿ ಸೂಚಿಸಿದ ವಿಧಾನದಲ್ಲಿ, ಲೇಖಕರ ಸಂಖ್ಯೆಯಲ್ಲಿ ಒಂದನ್ನು ಕಳೆದು, ಅದರಿಂದ ಒಂದನ್ನು ಭಾಗಿಸಿದಷ್ಟು ಬಲ ಪ್ರತಿ ಪ್ರಬಂಧದಿಂದ ಅದನ್ನು ಕೂಡಿ ಬರೆದ ಪ್ರತಿ ಜೋಡಿಗೆ ಸೇರುತ್ತದೆ. ಇಬ್ಬರೇ ಬರೆದರೆ ಪೂರ್ತಿ ಒಂದು. ನೂರೊಂದು ಜನ ಬರೆದರೆ ನೂರರಲ್ಲೊಂದು ಪಾಲು. ಬಲ ಕಡಿಮೆಯಾದಷ್ಟೂ ದೂರ ಹೆಚ್ಚು ಎಂದಿಟ್ಟುಕೊಂಡರೆ ದಾರಿಯಲ್ಲಿ ಮೆಟ್ಟಿಲು ಹೆಚ್ಚುತ್ತವೆ, ಆದರೆ ಪಕ್ಕಪಕ್ಕದವರು ಪರಸ್ಪರ ಬಲ್ಲವರಾಗಿರುತ್ತಾರೆ.

ಈಗ ಪ್ರತಿ ಕೊಂಡಿಗೂ ವರ್ಷ ಸೇರಿಸಿದ್ದೇನೆ. ಇತ್ತೀಚೆಗೆ ಲೇಖಕರೊಡನೆ ನೇರವಾಗಿ ಬರೆದವರು ಪರಿಶೀಲಕರ ಪಟ್ಟಿಯಿಂದ ಹೊರಗೆ. ಅಂತರ 2 ಇದ್ದವರನ್ನು, ನಡುವಿನ ಪ್ರಬಂಧಗಳನ್ನು ತೆರೆದು ನೋಡಿಯೇ ತೀರ್ಮಾನಿಸುತ್ತೇನೆ.