ಗುಟ್ಟು ಬಿಟ್ಟುಕೊಡದೆ ‘ಆಕ್ರಾಯ್ಡ್’ ಕಾದಂಬರಿಯ ಬಗ್ಗೆ ಅಭಿಪ್ರಾಯ ಬರೆಯುವುದು ಹೇಗೆ?

ಇಂಗ್ಲಿಷ್ ಲೇಖಕಿ ಅಗಾಥಾ ಕ್ರಿಸ್ಟಿಯವರ ಪತ್ತೇದಾರಿ ಕಾದಂಬರಿ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ 1926ರಲ್ಲಿ ಪುಸ್ತಕವಾಗಿ ಬಂದಾಗಿನಿಂದಲೂ ಅದರ ಓದುಗರಲ್ಲಿ ಎರಡು ಪಂಗಡಗಳಿವೆ: ಲೇಖಕಿ ನಮಗೆ ಮೋಸ ಮಾಡಿದರು ಎನ್ನುವವರದು ಒಂದು, ಸುಳಿವುಗಳೆಲ್ಲ ಕಣ್ಣೆದುರಿಗೇ ಇದ್ದರೂ ಗಮನಿಸದೆ ಹೋದದ್ದು ನಮ್ಮ ತಪ್ಪು ಎನ್ನುವವರದು ಇನ್ನೊಂದು. ಈ ಜಗಳವೆಲ್ಲ ಕೊನೆಯ ಗುಟ್ಟಿನ ಸುತ್ತಲೇ ಇರುವುದರಿಂದ ಅಭಿಪ್ರಾಯ ಬರೆಯುವವರು ಇಕ್ಕಟ್ಟಿಗೆ ಸಿಲುಕುತ್ತಾರೆ. ಗುಟ್ಟು ಹೇಳಿದರೆ ಓದದವರ ಸುಖ ಕೆಡುತ್ತದೆ, ಹೇಳದಿದ್ದರೆ ಬರಹದಲ್ಲಿ ತಿರುಳೇ ಉಳಿಯುವುದಿಲ್ಲ. ಆದ್ದರಿಂದ ಬರಹವನ್ನು ಆರಂಭದಲ್ಲೇ ಎರಡು ಭಾಗ ಮಾಡಿಕೊಂಡು, ಎರಡನೆಯದರ ತಲೆಯ ಮೇಲೆ ‘ಕಾದಂಬರಿಯನ್ನು ಓದಿ ಮುಗಿಸಿದವರಿಗೆ ಮಾತ್ರ’ ಎಂದು ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು.

ಮೊದಲ ಭಾಗದಲ್ಲಿ ಕಥೆಯನ್ನು ಐದನೆಯ ಅಧ್ಯಾಯದಿಂದ ಆಚೆಗೆ ಒಯ್ಯಬೇಡಿ. ಕಿಂಗ್ಸ್ ಆಬಟ್ ಎಂಬ ಇಂಗ್ಲಿಷ್ ಹಳ್ಳಿಯಲ್ಲಿ ಶ್ರೀಮಂತ ವಿಧವೆಯೊಬ್ಬಳು ವೆರೊನಾಲ್ ಎಂಬ ನಿದ್ರೆಯ ಔಷಧ ಮಿತಿಮೀರಿ ಸತ್ತಿರುವುದು, ಆಕೆ ಬರೆದ ಕಾಗದ ಅದೇ ಊರಿನ ಸಿರಿವಂತ ರೋಜರ್ ಆಕ್ರಾಯ್ಡ್‌ಗೆ ತಲುಪುವುದು, ಅದೇ ರಾತ್ರಿ ಆತ ತನ್ನ ಓದುವ ಕೋಣೆಯಲ್ಲಿ ಇರಿತಕ್ಕೆ ಬಲಿಯಾಗುವುದು, ನಿವೃತ್ತನಾಗಿ ಕುಂಬಳ ಜಾತಿಯ ಕಾಯಿ ಬೆಳೆಯುತ್ತ ಬೇಸರಪಟ್ಟುಕೊಂಡಿರುವ ಪತ್ತೇದಾರ ಹರ್ಕ್ಯೂಲ್ ಪೊಯ್ರೊ ಕಥೆ ಹೇಳುವವರ ಪಕ್ಕದ ಮನೆಯಲ್ಲೇ ಇರುವುದು, ಇಷ್ಟು ಸಾಕು. ಇಪ್ಪತ್ತೇಳು ಅಧ್ಯಾಯಗಳ ಕಾದಂಬರಿಯಲ್ಲಿ ಉಳಿದದ್ದನ್ನು ಓದುಗರೇ ಕಂಡುಕೊಳ್ಳಲಿ. ‘ಕೊನೆಯಲ್ಲಿ ನೀವು ಊಹಿಸಲಾರದ ತಿರುವಿದೆ’ ಎಂಬ ವಾಕ್ಯವನ್ನು ಹಲವರು ನಿರಪಾಯಕಾರಿ ಎಂದು ತಿಳಿದಿದ್ದಾರೆ. ನನ್ನ ದೃಷ್ಟಿಯಲ್ಲಿ ಅದೂ ಗುಟ್ಟು ಒಡೆಯುವ ಮಾತೇ, ಏಕೆಂದರೆ ಅದನ್ನು ಓದಿದವರು ಮೊದಲ ಪುಟದಿಂದಲೇ ಎಲ್ಲರಿಗಿಂತ ಕಡಿಮೆ ಅನುಮಾನ ಹುಟ್ಟಿಸುವವರನ್ನು ಹುಡುಕತೊಡಗುತ್ತಾರೆ.

ಗುಟ್ಟನ್ನು ಮುಟ್ಟದೆಯೂ ಹೇಳಬಹುದಾದದ್ದು ಬೇಕಾದಷ್ಟಿದೆ. ಕಥೆ ಹೇಳುವ ಡಾಕ್ಟರ್ ಶೆಪರ್ಡ್‌ರ ಅಕ್ಕ ಕ್ಯಾರೊಲಿನ್ ಮನೆಯ ಹೊಸ್ತಿಲು ದಾಟದೆ, ಹಾಲಿನವನಿಂದಲೂ ಕೆಲಸದವರಿಂದಲೂ ಊರಿನ ಸುದ್ದಿಯನ್ನೆಲ್ಲ ಸೋಸಿ ತೆಗೆಯುವ ರೀತಿಯೇ ಒಂದು ಪ್ಯಾರಾಕ್ಕೆ ಅರ್ಹವಾಗಿದೆ. ಮಾಜಾಂಗ್ ಎಂಬ ಚೀನೀ ಬಿಲ್ಲೆಯಾಟದ ಸಂಜೆಯ ಅಧ್ಯಾಯದಲ್ಲಿ ಆಟದ ನಡೆಗಳೂ ಕೊಲೆಯ ಬಗೆಗಿನ ಗಾಳಿಮಾತುಗಳೂ ಹೆಣೆದುಕೊಂಡು ಬರುವುದನ್ನು ಒಂದೆರಡು ಸಾಲಿನ ಉದಾಹರಣೆಯೊಂದಿಗೆ ತೋರಿಸಿದರೆ, ‘ಸಂಭಾಷಣೆ ಸೊಗಸಾಗಿದೆ’ ಎಂಬ ಬರಿಯ ಹೊಗಳಿಕೆಗಿಂತ ಹೆಚ್ಚು ಪ್ರಯೋಜನವಾಗುತ್ತದೆ. ಕ್ರಿಸ್ಟಿಯವರ ಇನ್ನೊಬ್ಬ ಪತ್ತೇದಾರಿಣಿ ಮಿಸ್ ಮಾರ್ಪಲ್‌ಳ ಪಾತ್ರ ಹುಟ್ಟಿದ್ದು ಪ್ರಾಯಶಃ ಕ್ಯಾರೊಲಿನ್‌ಳನ್ನು ಚಿತ್ರಿಸಿದ ಸಂತೋಷದಿಂದಲೇ ಎಂದು ಕ್ರಿಸ್ಟಿಯವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನಮ್ಮ ಪತ್ತೇದಾರಿ ಕಾದಂಬರಿಗಳ ಓಟಕ್ಕೆ ಒಗ್ಗಿದವರಿಗೆ ನಡುವಿನ ವಿಚಾರಣೆಯ ಅಧ್ಯಾಯಗಳು ನಿಧಾನವೆನಿಸಬಹುದು. ಹಾಗೆನಿಸಿದ್ದರೆ ಸಂಕೋಚವಿಲ್ಲದೆ ಬರೆಯಿರಿ. ರೋಜರ್‌ನ ತಮ್ಮನ ವಿಧವೆ ಶ್ರೀಮತಿ ಆಕ್ರಾಯ್ಡ್ ಸಾಲ ಕೊಡುವವರ ಬಗ್ಗೆ ಮಾತನಾಡುತ್ತ ಯಹೂದಿಗಳನ್ನು ಹೀಗಳೆಯುವ ಮಾತನ್ನೂ ಮುಚ್ಚಿಡಬೇಕಾಗಿಲ್ಲ.

ಎರಡನೆಯ ಭಾಗವನ್ನು ಮರು ಓದಿನ ನಂತರವೇ ಬರೆಯಬೇಕು. ಮೊದಲ ಓದಿನ ಸಿಟ್ಟಿನಲ್ಲೋ ಬೆರಗಿನಲ್ಲೋ ಬರೆದದ್ದಕ್ಕೆ ಈ ಕಾದಂಬರಿಯ ಮಟ್ಟಿಗೆ ಅಷ್ಟೇನೂ ಬೆಲೆಯಿಲ್ಲ. ಪೆನ್ಸಿಲ್ ಹಿಡಿದು ಓದಿ, ಲೇಖಕಿ ಸುಳ್ಳು ಹೇಳಿದ ವಾಕ್ಯ ಒಂದಾದರೂ ಇದೆಯೇ ಎಂದು ಹುಡುಕಿ, ಸಿಕ್ಕರೆ ಅಧ್ಯಾಯದ ಸಂಖ್ಯೆಯೊಂದಿಗೆ ಗುರುತು ಮಾಡಿಕೊಳ್ಳಿ. ಸಿಗದಿದ್ದರೆ, ನಿಮ್ಮ ದೂರು ಸುಳ್ಳಿನ ಬಗ್ಗೆಯೋ ಮೌನದ ಬಗ್ಗೆಯೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ. ಸ್ಥಳ ಬಿಟ್ಟು ಎಳೆದಿಟ್ಟ ಕುರ್ಚಿ, ರೈಲು ನಿಲ್ದಾಣದಿಂದ ಬಂದ ದೂರವಾಣಿ ಕರೆ, ಗಡಿಯಾರದ ವೇಳೆಗಳು, ಇವುಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಅಭಿಪ್ರಾಯಕ್ಕೆ ಆಧಾರ ತಾನಾಗಿಯೇ ಒದಗುತ್ತದೆ.

‘ಕ್ರಿಸ್ಟಿ ಪತ್ತೇದಾರಿ ಕಥೆಯ ನಿಯಮ ಮುರಿದರು’ ಎಂದು ಬರೆಯುವ ಮುನ್ನ ಇಸವಿಗಳನ್ನು ನೋಡಿಕೊಳ್ಳಿ. ಪತ್ತೇದಾರಿ ಕಥೆ ಬರೆಯುವವರಿಗಾಗಿ ಅಮೆರಿಕದ ಲೇಖಕ ಎಸ್. ಎಸ್. ವ್ಯಾನ್ ಡೈನ್ ಮಾಡಿದ ಇಪ್ಪತ್ತು ನಿಯಮಗಳು 1928ರವು, ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ ಮಾಡಿದ ಹತ್ತು ನಿಯಮಗಳು 1929ರವು. ಎರಡೂ ಕಾದಂಬರಿ ಬಂದ ಮೇಲಿನವು. ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ 1945ರಲ್ಲಿ ಬರೆದ ‘ಆಕ್ರಾಯ್ಡ್‌ನನ್ನು ಕೊಂದವರಾರಾದರೇನು’ ಎಂಬರ್ಥದ ಶೀರ್ಷಿಕೆಯ ಪ್ರಬಂಧವನ್ನು ಈ ಕೃತಿಯ ವಿಮರ್ಶೆಯೆಂದು ಉಲ್ಲೇಖಿಸುವುದೂ ಸರಿಯಲ್ಲ, ಏಕೆಂದರೆ ಅವರ ಆಕ್ಷೇಪ ಇಡೀ ಪತ್ತೇದಾರಿ ಪ್ರಕಾರದ ಮೇಲೆ. ಮಾದರಿಯೊಂದು ಬೇಕೆಂದರೆ, ಪೊಯ್ರೊ ತಪ್ಪು ವ್ಯಕ್ತಿಯನ್ನು ಹಿಡಿದ ಎಂದು 1998ರಲ್ಲಿ ಒಂದಿಡೀ ಪುಸ್ತಕವನ್ನೇ ಬರೆದ ಫ್ರೆಂಚ್ ಪ್ರಾಧ್ಯಾಪಕ ಪಿಯೆರ್ ಬಯಾರ್ ಅವರನ್ನು ನೋಡಬಹುದು. ಅವರ ತೀರ್ಮಾನವನ್ನು ಒಪ್ಪದಿದ್ದರೂ ಪಠ್ಯವನ್ನೇ ಸಾಕ್ಷಿಕಟ್ಟೆಗೆ ಕರೆಯುವ ಅವರ ಕ್ರಮ ಅನುಸರಿಸತಕ್ಕದ್ದು.

ಬರೆದಾದ ಮೇಲೆ ಮೊದಲ ಭಾಗವನ್ನು ಈ ಕಾದಂಬರಿಯನ್ನು ಓದದ ಸ್ನೇಹಿತರೊಬ್ಬರಿಗೆ ಕೊಟ್ಟು, ನಿಮಗೆ ಯಾರ ಮೇಲೆ ಅನುಮಾನ ಬಂತು ಎಂದು ಕೇಳಿ. ಅವರು ಸರಿಯಾದ ಹೆಸರನ್ನೇ ಹೇಳಿದರೆ, ಯಾವ ವಾಕ್ಯ ಅವರಿಗೆ ದಾರಿ ತೋರಿಸಿತೆಂದು ವಿಚಾರಿಸಿ, ಆ ವಾಕ್ಯ ಎಷ್ಟೇ ಚೆನ್ನಾಗಿದ್ದರೂ ಎರಡನೆಯ ಭಾಗಕ್ಕೆ ಸಾಗಿಸಿರಿ.