ಗಾಜಿನ ಪ್ರತಿಫಲನ ತಗ್ಗಿಸಲು ನಾನು ಮಾಡಿದ ಸಿಲಿಕಾ ಪದರ

ಸಾಮಾನ್ಯ ಗಾಜಿನ ಒಂದೊಂದು ಮೈಯೂ ನೇರವಾಗಿ ಬಿದ್ದ ಬೆಳಕಿನ ಶೇಕಡಾ 4ರಷ್ಟನ್ನು ಹಿಂದಕ್ಕೆ ಕಳುಹಿಸುತ್ತದೆ. 550 ನ್ಯಾನೋಮೀಟರ್ ತರಂಗಾಂತರದಲ್ಲಿ ಇದನ್ನು ಅಳಿಸಬೇಕಾದರೆ ಲೇಪನದ ವಕ್ರೀಭವನಾಂಕ (ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಗಾಜಿನ 1.52ರ ವರ್ಗಮೂಲವಾದ 1.23 ಆಗಿರಬೇಕು, ದಪ್ಪ ಸುಮಾರು 112 ನ್ಯಾನೋಮೀಟರ್ ಇರಬೇಕು. ಲೇಪನಕ್ಕೆ ಹೆಚ್ಚಾಗಿ ಬಳಸುವ ಮೆಗ್ನೀಸಿಯಂ ಫ್ಲೋರೈಡ್‌ನ ವಕ್ರೀಭವನಾಂಕವೇ 1.38. ಗಾಳಿ ಬೆರೆತಷ್ಟೂ ಅದು ಇಳಿಯುತ್ತದೆ. ಹಾಗಾಗಿ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಬರಿಯ ಗಾಳಿಯೇ ಇರುವ ಸಿಲಿಕಾ (ಮರಳಿನ ಮುಖ್ಯ ವಸ್ತು) ಪದರವನ್ನು ಕಟ್ಟುವುದು ನನ್ನ ಕೆಲಸವಾಯಿತು.

ಮೊದಲು ಸಿಲಿಕಾ ಕೊಡುವ ದ್ರವವಾದ ಟೆಟ್ರಾಈಥೈಲ್ ಆರ್ಥೋಸಿಲಿಕೇಟನ್ನು ಎಥನಾಲಿನಲ್ಲಿ ಕರಗಿಸಿ ಹೈಡ್ರೋಕ್ಲೋರಿಕ್ ಆಮ್ಲದಿಂದ ಸೋಲ್, ಅಂದರೆ ಅತಿಸೂಕ್ಷ್ಮ ಸಿಲಿಕಾ ಹರಡಿರುವ ದ್ರವ, ಮಾಡಿ ಅದರಲ್ಲಿ ಗಾಜನ್ನು ಅದ್ದಿ ಎತ್ತಿದೆ. ಪದರವೇನೋ ಕನ್ನಡಿಯಂತೆ ನಯವಾಗಿ ಬಂತು, ಆದರೆ ಪ್ರತಿಫಲನ ಶೇಕಡಾ 2.6ಕ್ಕಿಂತ ಕೆಳಗಿಳಿಯಲೇ ಇಲ್ಲ. ಆಮ್ಲದಲ್ಲಿ ಹುಟ್ಟುವ ಸಿಲಿಕಾ ಸರಪಳಿಗಳು ಒಣಗುವಾಗ ಒಂದರ ಮೇಲೊಂದು ಕುಸಿದು ಗಾಳಿಗೆ ಜಾಗವಿಲ್ಲದಂತೆ ಒತ್ತಾಗಿ ಕೂರುತ್ತವೆ. ಆಮ್ಲದ ಬದಲು ಅಮೋನಿಯಾ ಬಳಸಿದಾಗ ಹುಟ್ಟುವುದು ದುಂಡನೆಯ ಪುಟ್ಟ ಕಣಗಳು. ರಾಗಿ ಸುರಿದ ಹಾಗೆ ಅವು ರಾಶಿಯಾಗುವಾಗ ನಡುವೆ ಸಂದು ತಾನಾಗಿಯೇ ಉಳಿಯುತ್ತದೆ. ಈ ಸೋಲನ್ನು ಕೆಲವು ದಿನ ಮಾಗಲು ಬಿಟ್ಟು, ಬಳಿಕ ಕುದಿಸಿ ಅಮೋನಿಯಾ ಹೊರಹಾಕಿದೆ.

ದಪ್ಪವನ್ನು ನಿರ್ಧರಿಸುವುದು ಗಾಜನ್ನು ಸೋಲಿನಿಂದ ಮೇಲೆತ್ತುವ ವೇಗ. ನಿಮಿಷಕ್ಕೆ 60 ಮಿಲಿಮೀಟರ್ ವೇಗದಲ್ಲಿ 90 ನ್ಯಾನೋಮೀಟರ್ ಪದರ ಸಿಕ್ಕಿತ್ತು. ದಪ್ಪವು ವೇಗದ ಮೂರನೆಯ ಎರಡು ಘಾತಕ್ಕೆ ಅನುಗುಣವಾಗಿ ಬೆಳೆಯುತ್ತದೆಂಬ ನಿಯಮದಿಂದ ಲೆಕ್ಕ ಹಾಕಿ ವೇಗವನ್ನು 83ಕ್ಕೆ ಏರಿಸಿದೆ. ಕೆಲವು ದಿನಗಳಲ್ಲೇ ಬೆಳಕನ್ನು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿಗಿಂತ ಮೊದಲು ಕಣ್ಣೇ ಉತ್ತರ ಹೇಳತೊಡಗಿತು: ಕಪ್ಪು ಬಟ್ಟೆಯ ಮೇಲಿಟ್ಟ ಗಾಜು ಹಳದಿಯಾಗಿ ಹೊಳೆದರೆ ಪದರ ತೆಳು, ನೀಲಿಯಾದರೆ ದಪ್ಪ, ಮಂದ ನೇರಳೆಯಾದರೆ ಸರಿ. ಎರಡೂ ಮೈಗೆ ಲೇಪನವಾದ ಗಾಜಿನ ಮೂಲಕ 550 ನ್ಯಾನೋಮೀಟರಿನಲ್ಲಿ ಹಾಯುವ ಬೆಳಕು ಶೇಕಡಾ 92ರಿಂದ 99ಕ್ಕೆ ಏರಿತು. ಒಮ್ಮೆ ಮಾತ್ರ ಅಡ್ಡಗೆರೆಗಳು ಮೂಡಿ ದಿನವಿಡೀ ಕಾಡಿದವು. ಅದೇ ಮೇಜಿನ ಮೇಲಿದ್ದ ನಿರ್ವಾತ ಪಂಪಿನ ನಡುಕವೇ ಅವಕ್ಕೆ ಕಾರಣವಾಗಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಮಳೆಗಾಲದಲ್ಲಿ. ಜೂನ್‌ನಲ್ಲಿ ಚೆನ್ನಾಗಿದ್ದ ಗಾಜುಗಳು ಆಗಸ್ಟ್ ಹೊತ್ತಿಗೆ ನೀಲಿಗೆ ತಿರುಗಿ ಮತ್ತೆ ಹೊಳೆಯತೊಡಗಿದವು, ಏಕೆಂದರೆ ರಂಧ್ರಗಳಲ್ಲಿ ಗಾಳಿ ಇರಬೇಕಾದ ಜಾಗಕ್ಕೆ ನೀರು ನುಗ್ಗಿ ವಕ್ರೀಭವನಾಂಕ ಏರಿತ್ತು. ಒಲೆಯಲ್ಲಿ ಒಣಗಿಸಿದರೆ ಹಳೆಯ ನೇರಳೆ ಮರಳುತ್ತಿತ್ತು, ವಾರದಲ್ಲಿ ಮತ್ತೆ ಹೋಗುತ್ತಿತ್ತು. ಕಡೆಗೆ, ಒಣಗಿಸಿದ ಗಾಜುಗಳನ್ನು ಹೆಕ್ಸಾಮಿಥೈಲ್‌ಡೈಸಿಲಜೇನ್ ಆವಿ ತುಂಬಿದ ಮುಚ್ಚಿದ ಪಾತ್ರೆಯಲ್ಲಿ ಒಂದು ದಿನ ಇಟ್ಟೆ. ನೀರನ್ನು ಸೆಳೆಯುವ ಹೈಡ್ರಾಕ್ಸಿಲ್ ಗುಂಪುಗಳಲ್ಲಿ ಬಹುಪಾಲಿನ ಜಾಗವನ್ನು ಮಿಥೈಲ್ ಗುಂಪುಗಳು ಹಿಡಿದವು, ಬಣ್ಣವೂ ನಿಂತಿತು. ಆದರೆ ಬೆರಳಿನಿಂದ ಒರೆಸಿದರೆ ಪದರ ಈಗಲೂ ಎದ್ದು ಬರುತ್ತದೆ; ಅದನ್ನು ಗಟ್ಟಿಗೊಳಿಸುವ ಕೆಲಸಕ್ಕೆ ನಾನಿನ್ನೂ ಕೈ ಹಚ್ಚಿಲ್ಲ.